ನಿಲ್ಲಿಸಿ ಎಂದದ್ದು ನಾನು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸಿಮೆಂಟಿನ ಧೂಳಿಗೆ ಹಿಡಿದುಕೊಂಡಿದ್ದ ಆ ಒಣಕೆಮ್ಮು ಬಿಟ್ಟಿತೋ ಇಲ್ಲವೋ? ಹೋಗುವಾಗ ಹೊಲಿದುಕೊಟ್ಟ ಮುಖಗವಸುಗಳನ್ನು ಹಾಕಿಕೊಳ್ಳುತ್ತಿದ್ದೀಯಾ, ಅಥವಾ ಪೆಟ್ಟಿಗೆಯ ತಳದಲ್ಲಿ ಇಸ್ತ್ರಿ ಮಡಿಕೆ ಕೂಡ ಮುರಿಯದೆ ಬಿದ್ದಿವೆಯಾ? ಎರಡನೆಯದೇ ನಿಜವೆಂದು ನನಗೆ ಗೊತ್ತು. ಸೇತುವೆ ಕಟ್ಟುವಲ್ಲಿ ನೀನೊಬ್ಬಳೇ ಹೆಂಗಸು ಎಂದು ಹೊತ್ತಿಗೆ ಸರಿಯಾಗಿ ಊಟ ಮಾಡದೆ ಎಲ್ಲರಿಗಿಂತ ಮೊದಲು ಮೇಲೆ ಹತ್ತಿ ನಿಲ್ಲಬೇಡ. ಹೊಟ್ಟೆ ತುಂಬಿದ ಮೇಲೂ ಸೇತುವೆ ಅಲ್ಲೇ ಇರುತ್ತದೆ. ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದರ ಮಾತು ಬಿಡು. ಶಾಲೆಗಳ ಸಮವಸ್ತ್ರ ಹೊಲಿದು ಮುಗಿಯುತ್ತ ಬಂದಿದೆ. ಕಾಜಾ ಮಾಡುವ ಹುಡುಗಿ ಯಾರೋ ನೋಡಲು ಬರುತ್ತಾರೆಂದು ಮತ್ತೆ ರಜೆ ಹಾಕಿದ್ದಾಳೆ. ನೋಡಲು ಬಂದವರೆಲ್ಲ ನೋಡಿಕೊಂಡು ಹೋಗುತ್ತಿದ್ದಾರೆ, ಕಾಜಾಗಳು ಮಾತ್ರ ನನ್ನ ತಲೆಗೆ ಬಂದಿವೆ. ಫೋನು ಮಾಡಿದರೆ ನಿನ್ನ ಕಡೆಯ ಗಾಳಿಯ ಸದ್ದೇ ಕೇಳುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮಲ್ಲಿಗೆ ಬರುವ ಸಿಮೆಂಟು ಲಾರಿಯ ಚಾಲಕ ಸಂಜೆ ಬಂದು ಪತ್ರ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ.

ನಮ್ಮ ಪುಟ್ಟ ಜೀರುಂಡೆ ಚೆನ್ನಾಗಿದ್ದಾಳೆ. ಇದನ್ನು ಮೊದಲು ಓದಿ ಉಸಿರು ಬಿಡು, ಆಮೇಲೆ ಮುಂದಕ್ಕೆ ಓದು. ಈಗ ನಾನು ಬರೆಯುತ್ತಿರುವ ಕತ್ತರಿ ಮೇಜಿನ ಕೆಳಗೇ ಕೂತು ಚಿಂದಿ ಬಟ್ಟೆಗಳಿಗೆ ಸೀಮೆಸುಣ್ಣದಲ್ಲಿ ಮೂಗು ಬಾಯಿ ಬರೆಯುತ್ತಿದ್ದಾಳೆ. ಮೂಗಿನಲ್ಲಿ ಆ ಅಡ್ಡಹೆಸರು ತಂದುಕೊಟ್ಟ ಅದೇ ಸೀಟಿ, ಗಂಟಲಲ್ಲಿ ಅದೇ ಗರಗರ. ಮಲಗಿದಾಗ ಉಸಿರು ನಿಂತು ನಿಂತು ಬರುವುದೂ ಹಾಗೇ ಇದೆ. ಆಪರೇಷನ್ ಆಗಿಲ್ಲ.

ಮಕ್ಕಳ ಇಲಾಖೆಯ ಅಧಿಕಾರಿ ನಿನಗೆ ಕಳಿಸಿದ ಸಂದೇಶವನ್ನು ನನಗೆ ತೋರಿಸಿದರು: “ಆಪರೇಷನ್ ಮುಂದಕ್ಕೆ ಹೋಗಿದೆ. ಹೆತ್ತ ತಾಯಿ ಆಸ್ಪತ್ರೆಗೆ ಬಂದು ಗಲಾಟೆ ಮಾಡಿದರು.” ಅದಕ್ಕೆ ನೀನು ಬರೆದದ್ದನ್ನೂ ನೋಡಿದೆ: “ದಯವಿಟ್ಟು ಆ ಹೆಂಗಸನ್ನು ಮಗುವಿನ ಹತ್ತಿರ ಸೇರಿಸಬೇಡಿ.” ಮಗಳೇ, ಗಲಾಟೆ ಮಾಡಿದ್ದು ಅವಳಲ್ಲ. ನಾನು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹತ್ತು ಜನರ ಮುಂದೆ, ಎರಡೂ ಕೈಯಿಂದ ಬಾಗಿಲು ಬಡಿದವಳು ನಿನ್ನ ಅಮ್ಮ. ಬಸ್ಸಿನಲ್ಲಿ ಚಿಲ್ಲರೆಗೆ ಜಗಳವಾಡುವವರನ್ನು ಕಂಡರೆ ಮುಖ ತಿರುಗಿಸುವವಳು, ನಿನ್ನನ್ನೂ ಹಾಗೇ ಬೆಳೆಸಿದವಳು. ಯಾಕೆ ಎಂದು ಹೇಳುತ್ತೇನೆ. ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಸಿಡಿಮಿಡಿ ಮಾಡದೆ ಓದು.

ಮಗುವನ್ನು ನಮ್ಮಲ್ಲಿಗೆ ತಂದುಬಿಟ್ಟ ದಿನ ಅಧಿಕಾರಿ ಇದೇ ಮೇಜಿನ ಮುಂದೆ ಕೂತು ನಿಯಮ ಹೇಳಿದ್ದು ನೆನಪಿದೆಯಲ್ಲ. “ನೆಗಡಿ, ಜ್ವರ, ಲಸಿಕೆ, ಹಲ್ಲುನೋವು, ಇಷ್ಟಕ್ಕೆಲ್ಲ ಸಾಕುತಾಯಿ ಸಹಿ ಸಾಕು. ಮತ್ತಿನ ಔಷಧಿ ಕೊಟ್ಟು ಕೊಯ್ಯೋ ಕೆಲಸ ಅಂದ್ರೆ ಹೆತ್ತ ತಾಯಿ ಒಪ್ಪಬೇಕು. ಮಗು ನಿಮ್ಮನೇಲಿ ಇರತ್ತೆ, ಆ ಹಕ್ಕು ಅವರ ಹತ್ರಾನೇ ಇರತ್ತೆ. ಅವರು ಸಿಗ್ಲಿಲ್ಲ, ಒಪ್ಲಿಲ್ಲ ಅಂದ್ರೆ ಕೋರ್ಟಿಗೆ ಹೋಗ್ಬೇಕು.” ಸಾಕುತಾಯಿ ನೀನಾದೆ. “ಮತ್ತೆ ನಾನು?” ಎಂದು ಕೇಳಿದೆ. “ನೀವು ಮನೆಯ ಸದಸ್ಯರು, ಅಮ್ಮಾ” ಎಂದರು. ಮನೆ ನನ್ನದು, ಮೇಜು ನನ್ನದು, ಅವರು ಊದಿ ಊದಿ ಕುಡಿಯುತ್ತಿದ್ದ ಚಹಾ ನನ್ನದು, ನಾನು ಸದಸ್ಯಳಂತೆ! ನೀನು ಫ್ರಿಜ್ಜಿನ ಬಾಗಿಲು ತೆಗೆದು ಅದರೊಳಗೆ ತಲೆ ಹಾಕಿ ನಕ್ಕೆ. ನಾನು ನೋಡಲಿಲ್ಲ ಅಂದುಕೊಂಡಿದ್ದೀಯ.

ಗಂಟಲಿನ ಗಂಟು ತೆಗೆಸಬೇಕು, ತಡಮಾಡಿದರೆ ನಿದ್ದೆಯಲ್ಲಿ ಉಸಿರು ನಿಲ್ಲುವುದು ಹೆಚ್ಚುತ್ತದೆ ಎಂದು ಡಾಕ್ಟರು ಹೇಳಿದಾಗ ಆ ಹೆಂಗಸು ಒಪ್ಪಲಿಲ್ಲ. ಕಾರಣ ಹೇಳಲಿಲ್ಲ ಎಂದು ಅಧಿಕಾರಿ ಹೇಳಿದರು. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಬಸ್ಸು ತೊಳೆಯುವ ಪಾಳಿಗೆ ಹೋಗುವಾಗ ಮಗುವನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕಿ ಹೋದವಳಿಂದ ಇನ್ನೇನು ನಿರೀಕ್ಷಿಸುವುದು ಎಂದುಕೊಂಡೆ. ನೀನು ಕೋರ್ಟಿಗೆ ಅರ್ಜಿ ಹಾಕಿದೆ. ತಾಯಿಯ ಬದಲು ಇಲಾಖೆಯೇ ಆಪರೇಷನ್ನಿಗೆ ಸಹಿ ಮಾಡಲಿ ಎನ್ನುವುದು ಒಂದು, ಮಗುವನ್ನು ಶಾಶ್ವತವಾಗಿ ನಮಗೇ ಕೊಡಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅನುಮತಿ ಸಿಕ್ಕಿತು, ಎರಡನೆಯದರ ವಿಚಾರಣೆ ಈ ತಿಂಗಳ ಕೊನೆಗೆ ಎಂದರು. ನೀನು ಸೇತುವೆಗೆ ಹೊರಟೆ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಎದೆ ತಟ್ಟಿ ಹೇಳಿದೆ.

ಆಪರೇಷನ್ನಿಗೆ ಮೊದಲು ಒಂದು ತಪಾಸಣೆಗೆ ಕರೆದಿದ್ದರು. ಅಧಿಕಾರಿಗೆ ಬೇರೆ ಕೆಲಸವಿತ್ತು, ನಾನೇ ಕರೆದುಕೊಂಡು ಹೋದೆ. ನರ್ಸು ತೂಕ ನೋಡಿದಳು, ಎತ್ತರ ನೋಡಿದಳು. ಎತ್ತರ ತಪ್ಪು ಬರೆದುಕೊಂಡಿದ್ದಳು. ಕೊರಳಿನ ಟೇಪು ತೆಗೆದು ನಾನೇ ಅಳೆದು ತಿದ್ದಿಸಿದೆ. ಆಮೇಲೆ ತಲೆ ಎತ್ತದೆ ಕೇಳಿದಳು: “ನಿಮ್ಮ ಕಡೆ ಯಾರಿಗಾದ್ರೂ ಆಪರೇಷನ್ ಟೈಮಲ್ಲಿ ಮತ್ತು ಬರೋ ಔಷಧಿಯಿಂದ ತೊಂದರೆ ಆಗಿತ್ತಾ ಅಜ್ಜಿ?” ನಾನು ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದೆ: “ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ನಮ್ಮತ್ತೆಗೆ ಕಣ್ಣು, ನನಗೆ ಗರ್ಭಕೋಶ, ನನ್ನ ತಮ್ಮನಿಗೆ ಕರುಳು. ಎಲ್ಲರೂ ಎದ್ದು ಕೂತು ಕಾಫಿ ಕೇಳಿದವರೇ.” ಅವಳು ನಕ್ಕು “ಇಲ್ಲ” ಎಂದು ಬರೆದುಕೊಂಡಳು. ಮಗು ನನ್ನ ತೊಡೆಯ ಮೇಲಿತ್ತು. ಈ ಮಾತನ್ನು ನೆನಪಿಟ್ಟುಕೋ.

ಗುರುವಾರ ಬೆಳಿಗ್ಗೆ ಹೋದೆವು. ಆಸ್ಪತ್ರೆಯಿಂದ ಬರುವಾಗ ಹಾಕಿಕೊಳ್ಳಲೆಂದು ಅವಳಿಗೊಂದು ನೀಲಿ ಫ್ರಾಕು ಹೊಲಿದಿದ್ದೆ, ಹಾಕಿಕೊಂಡೇ ಹೋಗುತ್ತೇನೆ ಎಂದು ಹಟ ಮಾಡಿ ಹಾಕಿಕೊಂಡು ಬಂದಳು. ಅಲ್ಲಿ ಅದನ್ನು ತೆಗೆಸಿ ಹಿಂದೆ ದಾರ ಕಟ್ಟುವ ಹಸಿರು ಅಂಗಿ ತೊಡಿಸಿದರು. ಯಾವ ದರ್ಜಿ ಹೊಲಿದಿದ್ದನೋ, ತೋಳು ಒಂದು ಉದ್ದ ಒಂದು ಗಿಡ್ಡ. ಅಧಿಕಾರಿ ಒಪ್ಪಿಗೆಯ ಹಾಳೆಗೆ ಸಹಿ ಹಾಕಿದರು. ಸಂಬಂಧ ಎಂದಿರುವ ಕಡೆ “ಇಲಾಖೆ” ಎಂದು ಬರೆದರು. ಸದಸ್ಯರಿಗೆ ಅಲ್ಲಿ ಮಾತಿಲ್ಲ. ಗಾಲಿಯ ಮಂಚದ ಮೇಲೆ ಮಲಗಿಸಿಕೊಂಡು ಹೋಗುವಾಗ ಜೀರುಂಡೆ ಬೆರಳು ತೋರಿಸಿ, “ಅಜ್ಜೀ, ನಾನು ಒಳಗೆ ನಿದ್ದೆ ಮಾಡ್ತೀನಂತೆ. ನೀನು ಹೊರಗೆ ಗೊರಕೆ ಹೊಡೀಬೇಡ, ಎಲ್ಲರೂ ನಗ್ತಾರೆ” ಎಂದಳು. ಬಾಗಿಲು ಮುಚ್ಚಿತು. ಫ್ರಾಕು ನನ್ನ ತೋಳಿನ ಮೇಲಿತ್ತು, ಇನ್ನೂ ಬಿಸಿಯಾಗಿತ್ತು.

ಅಷ್ಟರಲ್ಲಿ ಕಾವಲಿನವನು ಮೇಲೆ ಬಂದು, ಯಾರೋ ಹೆಂಗಸು ಗೇಟಿನ ಹತ್ತಿರ ಕೂತಿದ್ದಾಳೆ, ಮಗುವಿನ ತಾಯಿ ಅನ್ನುತ್ತಾಳೆ, ಏಳುತ್ತಿಲ್ಲ ಎಂದ. ಅಧಿಕಾರಿ ಕೈಯಾಡಿಸಿ, “ಕೋರ್ಟು ಆದೇಶ ಇದೆ, ಕಳಿಸಿಬಿಡಿ” ಎಂದರು. “ಇರಿ, ನಾನು ಕಳಿಸ್ತೀನಿ” ಎಂದು ನಾನು ಎದ್ದೆ. ಒಳ್ಳೆಯ ಮನಸ್ಸಿನಿಂದ ಎದ್ದೆ ಅಂದುಕೊಳ್ಳಬೇಡ. ಬೀಗ ಹಾಕಿ ಹೋದವಳಿಗೆ ಎದುರಿಗೇ ನಾಲ್ಕು ಮಾತು ಹೇಳಬೇಕೆಂದು ನನಗೆ ಬಹಳ ದಿನದ ಆಸೆಯಿತ್ತು. ಮೆಟ್ಟಿಲು ಇಳಿಯುತ್ತ ಇಳಿಯುತ್ತ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡೆ.

ಅವಳು ಗೋಡೆಗೆ ಒರಗಿ ಕೂತಿದ್ದಳು. ಪಾಳಿ ಮುಗಿಸಿ ನೇರವಾಗಿ ಬಂದಿರಬೇಕು, ಪ್ಯಾಂಟಿನ ಕಾಲು ಮೊಳಕಾಲಿನವರೆಗೆ ಒದ್ದೆ, ಮೈಯೆಲ್ಲ ಸೋಪಿನ ವಾಸನೆ. ಕೂಗಾಟವಿಲ್ಲ, ಅಳುವಿಲ್ಲ. ನಾನು ಜೋಡಿಸಿಕೊಂಡಿದ್ದರಲ್ಲಿ ಮೊದಲನೆಯ ಮಾತು ಹೇಳಿದೆ: “ಏನಮ್ಮಾ, ಈಗ ನೆನಪಾಯ್ತಾ ಮಗು?” ಅವಳು ನನ್ನ ತೋಳಿನ ಮೇಲಿದ್ದ ಫ್ರಾಕು ನೋಡಿ, “ಅವಳದ್ದಾ?” ಎಂದು ಕೈ ಚಾಚಿದಳು. ಕೊಡಬಾರದು ಅಂದುಕೊಂಡೆ, ಕೊಟ್ಟೆ. ಕೆಳಗಿನ ಅಂಚನ್ನು ತಿರುಗಿಸಿ ಒಳಗೆ ಮಡಿಚಿ ಹೊಲಿದಿದ್ದ ಬಟ್ಟೆಯನ್ನು ಬೆರಳಿನಿಂದ ಅಳೆದಳು. ನಾನು ಒಂದು ಗೇಣು ಮಡಿಕೆ ಬಿಟ್ಟಿದ್ದೆ, ಮಗು ಬೆಳೆದ ಹಾಗೆ ಬಿಚ್ಚಿ ಬಿಚ್ಚಿ ಉದ್ದ ಮಾಡಬಹುದೆಂದು. “ಇಷ್ಟೊಂದು ಬಿಟ್ಟಿದೀರಲ್ಲ ಅಮ್ಮಾ. ಎಷ್ಟು ವರ್ಷಕ್ಕೆ ಅಂತ ಹೊಲಿದ್ರಿ?” ಎಂದು ಕೇಳಿದಳು. ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ನಾನು ಜೋಡಿಸಿಟ್ಟ ಮಾತುಗಳೆಲ್ಲ ಒಟ್ಟಿಗೆ ಚೆಲ್ಲಿಹೋದವು. “ಒಪ್ಪಿಗೆ ಯಾಕೆ ಕೊಡಲಿಲ್ಲ ನೀನು? ಮಗು ನಿದ್ದೇಲಿ ಉಸಿರುಗಟ್ಟಿ ಒದ್ದಾಡತ್ತೆ, ಗೊತ್ತಾ?” ಎಂದು ಮಾತ್ರ ಕೇಳಿದೆ.

“ಗೊತ್ತು. ನಮ್ಮಣ್ಣನಿಗೂ ಇದೇ ಗಂಟಲು, ಇದೇ ಸದ್ದು” ಎಂದಳು. “ಒಳಗೆ ಕರ್ಕೊಂಡು ಹೋದ್ರು, ಬರ್ಲೇ ಇಲ್ಲ. ಜ್ವರ ಬಂತು, ಉಳೀಲಿಲ್ಲ ಅಂದ್ರು. ಬೆಳಿಗ್ಗೆ ಅವನಿಗೆ ಜ್ವರ ಇರ್ಲಿಲ್ಲ ಅಮ್ಮಾ, ನನ್ನ ಚಪ್ಪಲಿ ಹಾಕ್ಕೊಂಡು ಓಡಿದ್ದ, ನಾನು ಬೈದಿದ್ದೆ. ಆಮೇಲೆ ನಾನು ಮುಟ್ಟಿ ನೋಡಿದೆ. ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಿತ್ತು. ಕೈಕಾಲು ಮರದ ಹಾಗೆ ಸೆಟೆದುಕೊಂಡಿತ್ತು. ನಮ್ಮ ಚಿಕ್ಕಮ್ಮನೂ ಹಾಗೇ ಹೋದಳು, ಹೊಟ್ಟೆ ಆಪರೇಷನ್ನಲ್ಲಿ. ನಮ್ಮ ಮನೇಲಿ ಯಾರೂ ಆ ಮಾತು ಎತ್ತಲ್ಲ.” “ಇದನ್ನ ಆ ಅಧಿಕಾರಿಗೆ ಹೇಳೋಕೇನಾಗಿತ್ತು ನಿನಗೆ?” ಎಂದು ಗದರಿದೆ. “ನಂಗೆ ಭಯ ಆಗತ್ತೆ ಅಂದೆ. ಭಯ ಎಲ್ಲರಿಗೂ ಆಗತ್ತೆ, ಒಪ್ಪಿಗೆನಾ ಇಲ್ವಾ ಅಷ್ಟು ಹೇಳಿ ಅಂದ್ರು. ಇಲ್ಲ ಅಂದೆ. ಫೋನ್ ಇಟ್ಬಿಟ್ರು.”

ಮಗಳೇ, ಆಗ ನನಗೆ ನರ್ಸಿನ ಪ್ರಶ್ನೆ ನೆನಪಾಯಿತು. ನಮ್ಮತ್ತೆಯ ಕಣ್ಣು, ನನ್ನ ಗರ್ಭಕೋಶ, ನನ್ನ ತಮ್ಮನ ಕರುಳು. ನರ್ಸು ಕೇಳಿದ್ದು ಮಗುವಿನ ರಕ್ತಸಂಬಂಧವನ್ನು, ನಾನು ಕೊಟ್ಟದ್ದು ನನ್ನ ಮನೆತನದ ಲೆಕ್ಕ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಆ ಹೊತ್ತಿನಲ್ಲಿ ಮಗು ಬೇರೆ ಮನೆಯದು ಎಂಬುದೇ ನನಗೆ ಹೊಳೆಯಲಿಲ್ಲ. ತೊಡೆಯ ಮೇಲೆ ಕೂತು ನನ್ನ ಬಳೆ ತಿರುಗಿಸುತ್ತಿತ್ತು, ನಮ್ಮದೇ ಆಗಿತ್ತು. ಒಳಗಿನವರು ಈಗ ಆ “ಇಲ್ಲ” ಎನ್ನುವುದನ್ನು ನಂಬಿಕೊಂಡೇ ಔಷಧಿ ಕೊಡುತ್ತಾರೆ.

ಮಂಡಿ ಎಲ್ಲಿತ್ತೋ, ನೋವು ಎಲ್ಲಿತ್ತೋ. ಮೂರು ಮಹಡಿ ಹತ್ತಿದ್ದು ನನಗೆ ಗೊತ್ತಿಲ್ಲ. ಅವಳು ನನ್ನ ಹಿಂದೆ ಓಡಿ ಬಂದಳು, ಕಾವಲಿನವನು ಅವಳ ಹಿಂದೆ. ಅಧಿಕಾರಿ ಅಡ್ಡ ಬಂದು, “ಏನಮ್ಮಾ ಇದು, ಸಹಿ ಆಗಿದೆ, ಈಗ ಏನೂ ಮಾಡೋಕಾಗಲ್ಲ” ಎಂದರು. ಅವರನ್ನು ಪಕ್ಕಕ್ಕೆ ಸರಿಸಿ ಬಾಗಿಲು ಬಡಿದೆ. ಒಳಗಿನಿಂದ ಒಬ್ಬ ನರ್ಸು ಇಣುಕಿ, “ಯಾರು ನೀವು? ಹೀಗೆಲ್ಲ ಬಡೀಬಾರ್ದು” ಎಂದು ಮತ್ತೆ ಮುಚ್ಚಲು ಹೋದಳು. ಸಂದಿಗೆ ಕಾಲು ಕೊಟ್ಟೆ. ಯಾರು ನಾನು? ಅಜ್ಜಿ ಎಂದರೆ ಅಜ್ಜಿಯಲ್ಲ, ಸಾಕುತಾಯಿ ಎಂದರೆ ಅಲ್ಲ, ಇಲಾಖೆಯೂ ಅಲ್ಲ. “ನಾನು ಯಾರೂ ಅಲ್ಲ” ಎಂದೆ. ಈ ನಾಲಿಗೆಯಿಂದ ಆ ಮಾತು ಬಂತು. “ಮೊನ್ನೆ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟವಳು. ಆ ಉತ್ತರ ತಪ್ಪು. ಅದು ನಮ್ಮ ಮನೇದು, ಆ ಮಗುವಿನದಲ್ಲ. ಮಗುವಿನ ಸೋದರಮಾವ ಮತ್ತಿನ ಔಷಧಿ ಕೊಟ್ಟಾಗಲೇ ಸತ್ತಿದಾನೆ. ನಿಲ್ಲಿಸಿ!” ಸಹಿ ಹಾಕುವ ಹಕ್ಕು ಯಾರಿಗೆ ಇದೆ, ಯಾರಿಗೆ ಇಲ್ಲ ಎಂದು ನನಗೆ ಎಷ್ಟು ಸಲ ಪಾಠ ಮಾಡಿದ್ದರು. ನಿಲ್ಲಿಸಿ ಎನ್ನಲು ಯಾರ ಅಪ್ಪಣೆ ಬೇಕೆಂದು ಒಬ್ಬರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ.

ನರ್ಸು ಒಳಗೆ ಓಡಿದಳು. ಆಮೇಲೆ ನಾವು ಅಲ್ಲಿ ನಿಂತ ಹೊತ್ತು ಎಷ್ಟೋ ಏನೋ. ಮಗುವಿನ ತಾಯಿ ನನ್ನ ಮೊಣಕೈ ಹಿಡಿದುಕೊಂಡಿದ್ದಳು, ಬಿಡಿಸಿಕೊಳ್ಳಬೇಕು ಎನಿಸಲಿಲ್ಲ. ಒಳಗೆ ಏನೋ ಒಂದು ಯಂತ್ರ ಕುಂಯ್ ಕುಂಯ್ ಎನ್ನುತ್ತಿತ್ತು. ಕೊನೆಗೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಹೊರಗೆ ಬಂದರು, ನಿನ್ನ ವಯಸ್ಸಿನವರು. “ಮಗುವಿಗೆ ಇನ್ನೂ ಏನೂ ಕೊಟ್ಟಿಲ್ಲ. ಮುಖಕ್ಕೆ ಮಾಸ್ಕ್ ಹಿಡಿಯೋದ್ರಲ್ಲಿದ್ದೆ” ಎಂದರು. ಅವರು ನನ್ನನ್ನೂ ಬಿಟ್ಟು, ಅಧಿಕಾರಿಯನ್ನೂ ಬಿಟ್ಟು ಒದ್ದೆ ಪ್ಯಾಂಟಿನವಳ ಕಡೆ ತಿರುಗಿದರು: “ನೀವು ತಾಯಿನಾ? ಬನ್ನಿ, ಕೂತ್ಕೊಳ್ಳಿ. ಅಣ್ಣನಿಗೆ ಏನಾಯ್ತು, ಮೊದಲಿಂದ ಹೇಳಿ.” ಅವಳು ಹೇಳಿದಳು. ಬಿಸಿ, ಸೆಟೆದ ಕೈಕಾಲು, ಚಿಕ್ಕಮ್ಮ. ಡಾಕ್ಟರಮ್ಮ ಒಂದು ಸಲವೂ ಗಡಿಯಾರ ನೋಡಲಿಲ್ಲ.

ಕೆಲವು ಮನೆತನಗಳ ರಕ್ತದಲ್ಲೇ ಹೀಗೊಂದು ದೋಷವಿರುತ್ತದಂತೆ. ಬೇರೆಯವರಿಗೆ ಏನೂ ಮಾಡದ ಮತ್ತಿನ ಗಾಳಿ ಅವರಿಗೆ ಮೈಯೆಲ್ಲ ಸೆಟೆಸಿ ಬೆಂಕಿ ಹತ್ತಿಸುತ್ತದಂತೆ. ಮಗುವಿಗೆ ಅದು ಬಂದಿದೆಯೋ ಇಲ್ಲವೋ ಈಗಲೇ ಹೇಳಲಾಗದು. ಆದರೆ ಗೊತ್ತಿದ್ದರೆ ಭಯವಿಲ್ಲವಂತೆ; ಬೇರೆ ಔಷಧಿಗಳಿವೆ, ಅದಕ್ಕೆ ತಯಾರಿರುವ ದೊಡ್ಡ ಆಸ್ಪತ್ರೆಯಿದೆ. ತಾಯಿಯನ್ನೂ ಪರೀಕ್ಷೆ ಮಾಡುತ್ತಾರೆ. ಅಧಿಕಾರಿ, “ದೊಡ್ಡಾಸ್ಪತ್ರೆಗೂ ನಾನೇ ಸಹಿ ಹಾಕಬಹುದು, ಆದೇಶ ಇದೆ” ಎಂದರು. “ತಾಯಿ ಇಲ್ಲೇ ಕೂತಿದ್ದಾರಲ್ಲ ಸಾರ್” ಎಂದರು ಡಾಕ್ಟರಮ್ಮ, ಅಷ್ಟೇ. ಅವಳು ಒಂದೊಂದನ್ನೇ ಕೇಳಿದಳು: ಮಗು ಎದ್ದಾಗ ಯಾರು ಹತ್ತಿರ ಇರುತ್ತಾರೆ, ಮೈ ಬಿಸಿಯಾದರೆ ಏನು ಮಾಡುತ್ತೀರಿ, ಆ ಮದ್ದು ಕೈಯಳತೆಯಲ್ಲೇ ಇರುತ್ತದಾ. ಎಲ್ಲಕ್ಕೂ ಉತ್ತರ ಸಿಕ್ಕಿದ ಮೇಲೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಸಹಿ ಮಾಡಿದಳು. ಬರುವ ವಾರ ಕರೆಯುತ್ತಾರೆ.

ಅಷ್ಟು ಹೊತ್ತಿಗೆ ಜೀರುಂಡೆಯನ್ನು ಹೊರಗೆ ತಂದರು. “ನಾನಿನ್ನೂ ಮಲಗೇ ಇಲ್ಲ, ಆಗ್ಲೇ ಏಳು ಅಂತಾರೆ!” ಎಂದು ಸಿಡುಕುತ್ತ ಬಂದವಳು ತಾಯಿಯನ್ನು ನೋಡಿ ಮಂಚದಿಂದ ಹಾಗೇ ಅವಳ ಕತ್ತಿಗೆ ಜಿಗಿದಳು. “ಬಸ್ಸಮ್ಮಾ, ಅಜ್ಜಿ ಬಾಗಿಲು ಹೊಡೆದ್ಲು!” ಎಂದು ಚಾಡಿ ಹೇಳಿದಳು. ಅವಳು ಬಸ್ಸಮ್ಮ, ನೀನು ಸೇತುವೆ ಅಮ್ಮ. ಇಬ್ಬರು ಇರುವುದು ಅವಳಿಗೊಂದು ತೊಡಕೇ ಅಲ್ಲ, ತೊಡಕು ನಮಗೆ. ತಾಯಿಯ ಆ ಸೋಪಿನ ವಾಸನೆಯ ಅಂಗಿಯ ಮೇಲೆ ಮೂಗು ಒತ್ತಿ ಸೀಟಿ ಊದುತ್ತ ಕೂತಳು. ನಾನು ಫ್ರಾಕು ಹಿಡಿದು ನಿಂತಿದ್ದೆ. ಹೊಟ್ಟೆಕಿಚ್ಚಾಗಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ, ಬರೆಯುವುದಿಲ್ಲ.

ಸೇತುವೆ ಗಟ್ಟಿಯಾಗಿ ನಿಲ್ಲಲಿ, ಅದಕ್ಕಿಂತ ಗಟ್ಟಿಯಾಗಿ ನೀನು ನಿಲ್ಲು. ಎತ್ತರದಲ್ಲಿ ಕೆಲಸ ಮಾಡುವಾಗ ಸೊಂಟದ ಪಟ್ಟಿ ಕಟ್ಟಿಕೊಳ್ಳದೆ ಒಂದು ಹೆಜ್ಜೆಯನ್ನೂ ಇಡಬೇಡ. ನಿನ್ನ ಕೈಕೆಳಗಿನ ಕೆಲಸಗಾರರಿಗೆಲ್ಲ ನಾನು ಕೇಳಿದೆನೆಂದು ಹೇಳು. ಸುಖವಾಗಿರು.

ನಿನ್ನ ಅಮ್ಮ

ಮರೆತದ್ದಲ್ಲ, ಮುಂದೂಡಿದ್ದು: ಲಾರಿಯವನು ಬೀದಿಯಲ್ಲಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ಅರ್ಜಿಯಲ್ಲಿ “ತಾಯಿಗೆ ಮಗುವಿನ ಆರೋಗ್ಯದ ಬಗ್ಗೆ ಕಾಳಜಿಯಿಲ್ಲ, ಕಾರಣವಿಲ್ಲದೆ ಚಿಕಿತ್ಸೆ ತಡೆದಿದ್ದಾಳೆ” ಎಂದು ಬರೆದಿದ್ದೀಯಲ್ಲ. ಆ ಮಾತನ್ನು ಈ ಮೇಜಿನ ಮುಂದೆ ಕೂತು ನಿನ್ನ ಬಾಯಿಗೆ ಕೊಟ್ಟವಳು ನಾನೇ. ವಿಚಾರಣೆಗೆ ಮೊದಲು ಅದನ್ನು ತೆಗೆಸು. ಬೀಗ ಹಾಕಿದ್ದು ನಿಜ, ಅದು ಇರಲಿ, ಅದಕ್ಕೆ ಅವಳು ಉತ್ತರ ಕೊಡಲಿ. ಇದು ನಿಜವಲ್ಲ. ಇದನ್ನು ತೆಗೆದರೆ ನಮ್ಮ ಅರ್ಜಿ ಬಿದ್ದುಹೋಗಬಹುದು ಎಂದು ಅಧಿಕಾರಿ ಹೇಳಿದರು. ಮಗು ಅವಳ ಹತ್ತಿರ ವಾಪಸು ಹೋಗಬಹುದು. ಅದು ನಿನಗೆ ಏನು ಎಂದು ನನಗೆ ಗೊತ್ತು, ನನಗೆ ಏನು ಎಂದು ನಿನಗೂ ಗೊತ್ತು. ನೀನು ತೆಗೆಸದಿದ್ದರೆ ನಾನು ಕೋರ್ಟಿನಲ್ಲಿ ಎದ್ದು ನಿಂತು ಹೇಳುತ್ತೇನೆ, ಬಾಗಿಲು ಬಡಿದು ಈಗ ಅಭ್ಯಾಸವಾಗಿದೆ. ನಿನ್ನೆ ಅವಳು ಮಗುವನ್ನು ನೋಡಲು ಮನೆಗೆ ಬಂದಿದ್ದಳು. ಫ್ರಾಕಿನ ಮಡಿಕೆಯನ್ನು ಬಟ್ಟೆ ಹರಿಯದ ಹಾಗೆ ಹೇಗೆ ಬಿಚ್ಚಬೇಕು, ಎಷ್ಟು ಬಿಚ್ಚಿ ಮತ್ತೆ ಎಲ್ಲಿ ಹೊಲಿಯಬೇಕು ಎಂದು ಅವಳಿಗೆ ತೋರಿಸಿಕೊಟ್ಟಿದ್ದೇನೆ.